ಕುಂಟುವ ರೂಟರ್, ಒಣಗಿದ ಕೆಪಾಸಿಟರ್

ಹಳೇ ವೈಫೈ ರೂಟರ್ ಒಂದೇ ಏಟಿಗೆ ಸಾಯೋದು ಕಡಿಮೆ. ಮೊದಲು ಕುಂಟೋಕೆ ಶುರು ಮಾಡುತ್ತೆ. ವಾರಕ್ಕೊಂದು ಸಲ ತಾನಾಗೇ ರೀಸ್ಟಾರ್ಟ್ ಆಗುತ್ತೆ, ಆಮೇಲೆ ದಿನಕ್ಕೊಂದು ಸಲ, ಆಮೇಲೆ ಗಂಟೆಗೊಂದು ಸಲ. ಯಾರಾದ್ರೂ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದ ತಕ್ಷಣ ವೈಫೈ ಮಾಯ. ಕರೆಂಟ್ ಹೋಗಿ ಬಂದ ಮೇಲಂತೂ ಎಲ್ಲಾ ಲೈಟೂ ಒಟ್ಟಿಗೆ ಹೊತ್ತಿ, ಆರಿ, ಮತ್ತೆ ಹೊತ್ತಿ, ಹತ್ತು ನಿಮಿಷ ಅದೇ ಆಟ. ಮನೆಯವರು ಮೊದಲು ಇಂಟರ್‌ನೆಟ್ ಕಂಪನಿಗೆ ಬೈತಾರೆ, ಆಮೇಲೆ ನಮ್ಮ ಕಡೆ ತಿರುಗ್ತಾರೆ: "ಇಂಜಿನಿಯರಿಂಗ್ ಓದ್ತಿದೀಯಲ್ಲ, ಇದೊಂದು ಸರಿ ಮಾಡೋಕಾಗಲ್ವಾ?" ಕೊನೆಗೆ ಹೊಸ ರೂಟರ್ ಬರುತ್ತೆ, ಹಳೇದು ಅಟ್ಟ ಸೇರುತ್ತೆ.

ಆ ಅಟ್ಟದ ಮೇಲಿರೋ ರೂಟರ್‌ಗಳಲ್ಲಿ ಕೆಲವು ನಿಜವಾಗಿ ಸತ್ತಿಲ್ಲ. ಪ್ರೊಸೆಸರ್ ಸರಿ ಇರುತ್ತೆ, ರೇಡಿಯೋ ಸರಿ ಇರುತ್ತೆ. ಕೆಟ್ಟಿರೋದು ಹತ್ತಿಪ್ಪತ್ತು ರೂಪಾಯಿಯ ಒಂದೋ ಎರಡೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದನ್ನ ಹುಡುಕೋದು ಹೇಗೆ, ಬದಲಾಯಿಸೋದು ಹೇಗೆ ಅನ್ನೋದು ಈ ಪಾಠ. ಸಿಎಸ್, ಮೆಕ್ಯಾನಿಕಲ್, ಸಿವಿಲ್ ಗೆಳೆಯರೂ ಓದಬಹುದು. ಲೆಕ್ಕ ಬರುತ್ತೆ, ಆದ್ರೆ ಗುಣಾಕಾರ ಭಾಗಾಕಾರ ಅಷ್ಟೇ.

ಹೆಸರಿನ ವಿಷಯ ಒಂದು. ಕನ್ನಡ ವಿಜ್ಞಾನ ಪುಸ್ತಕಗಳಲ್ಲಿ ಇದಕ್ಕೆ ಧಾರಕ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಆ ಪದ ಗೊತ್ತಾಗಿದ್ದೇ ಈ ಲೇಖನ ಬರೆಯೋಕೆ ಕೂತಾಗ. ಚೆನ್ನಾಗಿದೆ ಪದ, ಧರಿಸಿ ಇಟ್ಟುಕೊಳ್ಳೋದು ಅಂತ. ಆದ್ರೆ ಎಸ್‌ಪಿ ರೋಡಿಗೆ ಹೋಗಿ "ಎರಡು ಧಾರಕ ಕೊಡಿ" ಅಂದ್ರೆ ಅಂಗಡಿಯವರು ನಮ್ಮ ಮುಖ ನೋಡ್ತಾರೆ. ಅಲ್ಲಿ ಅದು ಕೆಪಾಸಿಟರ್, ಇನ್ನೂ ಹಳಬರ ಬಾಯಲ್ಲಿ ಕಂಡೆನ್ಸರ್. ನಾವೂ ಕೆಪಾಸಿಟರ್ ಅಂತಲೇ ಬರೀತೀವಿ.

ಡಬ್ಬಿಯೊಳಗೆ ಏನಿದೆ

ಬೋರ್ಡ್ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುತ್ತವಲ್ಲ, ಅವೇ. ಒಳಗೆ ಎರಡು ಉದ್ದನೆ ಅಲ್ಯೂಮಿನಿಯಂ ಹಾಳೆ, ಮಧ್ಯ ಕಾಗದ, ಎಲ್ಲಾ ಸೇರಿಸಿ ಚಾಪೆ ಥರ ಸುತ್ತಿರ್ತಾರೆ. ಕಾಗದ ಒಂದು ದ್ರವದಲ್ಲಿ ನೆನೆದಿರುತ್ತೆ, ಅದೇ ಎಲೆಕ್ಟ್ರೋಲೈಟ್. ಪ್ಲಸ್ ಕಡೆಯ ಹಾಳೆ ಮೇಲೆ ಅಲ್ಯೂಮಿನಿಯಂ ಆಕ್ಸೈಡ್‌ನ ತುಂಬಾ ತೆಳ್ಳಗಿನ ಪೊರೆ ಬೆಳೆಸಿರ್ತಾರೆ. ಕರೆಂಟ್ ದಾಟದ ಹಾಗೆ ತಡೆಯೋದು ಆ ಪೊರೆ, ಕಾಗದ ಅಲ್ಲ. ಇನ್ನೊಂದು ಪ್ಲೇಟ್ ಅಂತ ನಾವು ಚಿತ್ರದಲ್ಲಿ ಬರೆಯೋದು ನಿಜದಲ್ಲಿ ಆ ದ್ರವವೇ. ಎರಡನೇ ಹಾಳೆ ಅದಕ್ಕೆ ಕನೆಕ್ಷನ್ ಕೊಡುತ್ತೆ ಅಷ್ಟೇ.

ಅಂದ್ರೆ ಈ ಪಾರ್ಟಿನ ಅರ್ಧ ಭಾಗ ದ್ರವ, ಮತ್ತೆ ಅದನ್ನ ಒಳಗಿಟ್ಟಿರೋದು ಕೆಳಗಡೆಯ ಒಂದು ರಬ್ಬರ್ ಬಿರಡೆ. ಬಿಸಿಗೆ ದ್ರವ ನಿಧಾನವಾಗಿ ಆವಿಯಾಗಿ ರಬ್ಬರಿನ ಸಂದಿಯಿಂದ ಹೊರಗೆ ಹೋಗ್ತಾ ಇರುತ್ತೆ. ಎಷ್ಟು ಬೇಗ ಅನ್ನೋದಕ್ಕೆ ಇಂಜಿನಿಯರುಗಳು ಬಳಸೋ ಒಂದು ಅಂದಾಜು ಲೆಕ್ಕ ಇದೆ: ಉಷ್ಣತೆ 10 ಡಿಗ್ರಿ ಕಡಿಮೆಯಾದ್ರೆ ಆಯಸ್ಸು ಎರಡು ಪಟ್ಟು, 10 ಡಿಗ್ರಿ ಜಾಸ್ತಿಯಾದ್ರೆ ಅರ್ಧ.

ಡಬ್ಬಿ ಮೇಲೆ 105 ಡಿಗ್ರಿ ಅಂತ ಬರೆದಿದೆ, ಡೇಟಾಶೀಟ್‌ನಲ್ಲಿ 2000 ಗಂಟೆ ಅಂತ ಇದೆ ಅಂದುಕೊಳ್ಳಿ. ರೂಟರ್ ಒಳಗೆ ಆ ಜಾಗದಲ್ಲಿ 65 ಡಿಗ್ರಿ ಇದೆ. 40 ಡಿಗ್ರಿ ಕಡಿಮೆ, ಅಂದ್ರೆ ನಾಲ್ಕು ಸಲ ದುಪ್ಪಟ್ಟು, 16 ಪಟ್ಟು. 32,000 ಗಂಟೆ. ವರ್ಷಕ್ಕೆ 8,760 ಗಂಟೆ, ರೂಟರ್ ಯಾರೂ ಆಫ್ ಮಾಡಲ್ಲ, ಹಾಗಾಗಿ ಮೂರೂವರೆ ವರ್ಷದ ಮೇಲೆ ಸ್ವಲ್ಪ. ಅದೇ ಜಾಗಕ್ಕೆ ಕಂಪನಿಯವರು ದುಡ್ಡುಳಿಸೋಕೆ 85 ಡಿಗ್ರಿಯ 2000 ಗಂಟೆ ಪಾರ್ಟ್ ಹಾಕಿದ್ರೆ 8,000 ಗಂಟೆ, ಅಂದ್ರೆ ಹನ್ನೊಂದು ತಿಂಗಳು. ಒಂದು ವರ್ಷದ ವಾರಂಟಿಗೂ ಸಾಲಲ್ಲ! ಆಯಸ್ಸು ಮುಗೀತು ಅಂದ್ರೆ ಅವತ್ತೇ ಸತ್ತುಹೋಯ್ತು ಅಂತಲ್ಲ, ಡೇಟಾಶೀಟ್ ಹೇಳಿದ ಮಿತಿ ದಾಟಿತು ಅಂತ ಅರ್ಥ. ಅಲ್ಲಿಂದ ಕುಂಟಾಟ ಶುರು.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತೆ. ಆ ಕಡೆಯ ಗೆಳೆಯರು ಲೆಕ್ಕವನ್ನ 75 ಡಿಗ್ರಿಗೆ ಮಾಡಿ ನೋಡಿ.

ಹಳೇ ಕಂಪ್ಯೂಟರ್ ರಿಪೇರಿ ಮಾಡೋರ ಹತ್ತಿರ ಕೂತ್ರೆ ಕೆಪಾಸಿಟರ್ ಪ್ಲೇಗ್ ಅನ್ನೋ ಮಾತು ಕೇಳಿಸುತ್ತೆ. ಸುಮಾರು 1999ರಿಂದ 2007ರವರೆಗೆ, ಹೆಚ್ಚಾಗಿ ತೈವಾನ್‌ನಲ್ಲಿ ತಯಾರಾದ ಕೆಪಾಸಿಟರ್‌ಗಳು ಮದರ್‌ಬೋರ್ಡ್, ಮಾನಿಟರ್, ರೂಟರ್ ಅಂತ ನೋಡದೆ ಎಲ್ಲದರಲ್ಲೂ ಉಬ್ಬಿ ಒಡೆದವು. ಎಲೆಕ್ಟ್ರೋಲೈಟ್‌ನಲ್ಲಿ ನೀರಿನ ಪ್ರಮಾಣ ಜಾಸ್ತಿ ಇತ್ತು, ನೀರು ಅಲ್ಯೂಮಿನಿಯಂ ಜೊತೆ ಸೇರದಂತೆ ತಡೆಯೋ ರಾಸಾಯನಿಕ ಸರಿಯಾಗಿ ಇರಲಿಲ್ಲ. ಹೈಡ್ರೋಜನ್ ಹುಟ್ಟಿ ಡಬ್ಬಿ ಊದಿಕೊಳ್ತಿತ್ತು. ಅರ್ಧಂಬರ್ಧ ಕದ್ದ ಫಾರ್ಮುಲಾದಿಂದ ಹೀಗಾಯ್ತು ಅನ್ನೋ ಸಿನಿಮಾ ಥರದ ಕಥೆಯೊಂದು ಆಗ ಓಡಾಡಿತ್ತು. ಆ ಕಾಲದಿಂದ ಉಳಿದಿರೋದು "ತಲೆ ಉಬ್ಬಿದ್ರೆ ಕೆಟ್ಟಿದೆ, ಚಪ್ಪಟೆ ಇದ್ರೆ ಸರಿ ಇದೆ" ಅನ್ನೋ ನಂಬಿಕೆ. ಮೊದಲರ್ಧ ನಿಜ. ಎರಡನೇ ಅರ್ಧ ನಂಬಬೇಡಿ. ದ್ರವ ಸುಮ್ಮನೆ ಒಣಗಿದ್ರೆ ತಲೆ ಉಬ್ಬಲ್ಲ. ತೀರಾ ಸಣ್ಣ ಕೆಪಾಸಿಟರ್‌ಗಳಿಗೆ ತಲೆ ಮೇಲೆ ಒಡೆಯೋಕೆ ಬೇಕಾದ ಗೀರೂ ಇರಲ್ಲ.

ಮೀಟರ್ ಸರಿ ಅಂದ್ರೂ ಕೆಟ್ಟಿರಬಹುದು

ನಾವು ಮೂರನೇ ಸೆಮಿಸ್ಟರ್‌ವರೆಗೆ ಬರೆದಿರೋ ಸರ್ಕ್ಯೂಟ್‌ಗಳಲ್ಲೆಲ್ಲ ಕೆಪಾಸಿಟರ್ ಅಂದ್ರೆ ಎರಡು ಗೆರೆ, ಪಕ್ಕದಲ್ಲಿ ಒಂದು ಬೆಲೆ. ನಿಜವಾದ ಕೆಪಾಸಿಟರ್ ಜೊತೆ ಸರಣಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಕೂತಿರುತ್ತೆ. ಯಾರೂ ಹಾಕಿದ್ದಲ್ಲ, ದ್ರವದ, ಹಾಳೆಯ, ಕಾಲುಗಳ ಪ್ರತಿರೋಧವೇ ಅದು. ಇಎಸ್‌ಆರ್ ಅಂತಾರೆ. ಹೊಸದರಲ್ಲಿ ಇದು ಒಂದು ಓಮ್‌ನ ಸಣ್ಣ ಭಾಗ. ದ್ರವ ಒಣಗ್ತಾ ಹೋದಂತೆ ಏರುತ್ತೆ.

ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕಲ್ಲಿ ನೀರು ಅಷ್ಟೇ ಇದೆ, ಆದ್ರೆ ಕೆಳಗಿನ ಪೈಪಲ್ಲಿ ಪಾಚಿ ಕಟ್ಟಿದೆ. ಟ್ಯಾಂಕ್ ಹತ್ತಿ ಇಣುಕಿದ್ರೆ ತುಂಬಿದೆ ಅನ್ಸುತ್ತೆ, ನಲ್ಲಿ ತಿರುಗಿಸಿದ್ರೆ ದಾರದಷ್ಟು ನೀರು. ಮಲ್ಟಿಮೀಟರ್‌ನಲ್ಲಿ ಕೆಪಾಸಿಟೆನ್ಸ್ ನೋಡೋದು ಟ್ಯಾಂಕ್ ಇಣುಕಿದ ಹಾಗೆ. ಅದು ನಿಧಾನವಾಗಿ ತುಂಬಿಸಿ ಖಾಲಿ ಮಾಡಿ ಅಳೆಯುತ್ತೆ, ಪೈಪಿನ ಪಾಚಿ ಅದಕ್ಕೆ ಕಾಣಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕದಲ್ಲೇ ನೋಡೋಣ. ಅಡಾಪ್ಟರ್‌ನಿಂದ ಬರೋ 12 ವೋಲ್ಟನ್ನ ಬೋರ್ಡ್ ಮೇಲಿನ ಒಂದು ಬಕ್ ಕನ್ವರ್ಟರ್ 3.3 ವೋಲ್ಟಿಗೆ ಇಳಿಸುತ್ತೆ. ಸೆಕೆಂಡಿಗೆ 3 ಲಕ್ಷ ಸಲ ಸ್ವಿಚ್ ಆಗುತ್ತೆ ಅಂತಿಟ್ಕೊಳ್ಳಿ. ಪ್ರತಿ ಸಲವೂ ಇಂಡಕ್ಟರ್ ಕರೆಂಟ್ ಅರ್ಧ ಆಂಪಿಯರ್ ಏರಿ ಇಳಿಯುತ್ತೆ. ಆ ಏರಿಳಿತವನ್ನ ನುಂಗೋದು 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್.

ಇಎಸ್‌ಆರ್ ಇಲ್ಲದ ಆದರ್ಶ ಕೆಪಾಸಿಟರ್ ಆಗಿದ್ರೆ ರಿಪಲ್ ಎಷ್ಟು? ಕರೆಂಟಿನ ಏರಿಳಿತವನ್ನ 8, ಫ್ರೀಕ್ವೆನ್ಸಿ, ಕೆಪಾಸಿಟೆನ್ಸ್ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಬರೋದು 0.44 ಮಿಲಿವೋಲ್ಟ್. ಲೆಕ್ಕಕ್ಕೇ ಇಲ್ಲ. ಈಗ ಇಎಸ್‌ಆರ್ ಸೇರಿಸಿ. ಹೊಸ ಕೆಪಾಸಿಟರ್‌ನಲ್ಲಿ 0.08 ಓಮ್ ಇದ್ರೆ ಅರ್ಧ ಆಂಪಿಯರ್‌ಗೆ 40 ಮಿಲಿವೋಲ್ಟ್. ಅಂದ್ರೆ ಹೊಸದರಲ್ಲೇ ರಿಪಲ್ಲಿನ ಬಹುಪಾಲು ಇಎಸ್‌ಆರ್‌ದು. ಒಣಗಿ 2 ಓಮ್ ಆದ್ರೆ? ಪೂರ್ತಿ 1 ವೋಲ್ಟ್. ಪಕ್ಕದಲ್ಲಿ ಸೆರಾಮಿಕ್ ಕೆಪಾಸಿಟರ್‌ಗಳು ಇದ್ರೆ ಅವು ಒಂದಿಷ್ಟು ತಗ್ಗಿಸ್ತವೆ. ಆದ್ರೂ 3.3 ವೋಲ್ಟ್ ಅನ್ನೋದು 2.8ಕ್ಕೂ 3.8ಕ್ಕೂ ಮಧ್ಯ ಜೀಕೋಕೆ ಶುರುವಾದ್ರೆ ಪ್ರೊಸೆಸರ್ ಏನು ಮಾಡಬೇಕು? ಇಂಥ ಬೋರ್ಡ್‌ಗಳಲ್ಲಿ ವೋಲ್ಟೇಜ್ 2.9ರ ಆಸುಪಾಸಿಗೆ ಇಳಿದ್ರೆ ಪ್ರೊಸೆಸರನ್ನ ರೀಸೆಟ್ ಮಾಡೋ ಕಾವಲು ಚಿಪ್ ಇರೋದುಂಟು. ಅದು ತನ್ನ ಕೆಲಸ ಮಾಡುತ್ತೆ. ನಮಗೆ ಕಾಣೋದು ರೂಟರ್ ರೀಸ್ಟಾರ್ಟ್.

ಗಮನಿಸಿ, ಇಷ್ಟೆಲ್ಲ ಆಗ್ತಿರುವಾಗ ಮಲ್ಟಿಮೀಟರ್ ಹಿಡಿದ್ರೆ ಅದು ಸರಾಸರಿ ತೋರಿಸುತ್ತೆ. ನಿರಾಳವಾಗಿ 3.3. ಇದೊಂದು ಮಾತು ಅರ್ಥವಾದ್ರೆ ಈ ಪಾಠದ ಮುಕ್ಕಾಲು ಭಾಗ ಬಂದ ಹಾಗೆ.

ಡೌನ್‌ಲೋಡ್ ಹಾಕಿದಾಗಲೇ ಯಾಕೆ ಬೀಳುತ್ತೆ ಅನ್ನೋದೂ ಇದರಲ್ಲೇ ಇದೆ. ವೈಫೈ ಜೋರಾಗಿ ಕಳಿಸೋವಾಗ ಕರೆಂಟನ್ನ ತುಂಡು ತುಂಡಾಗಿ, ಗಬಕ್ಕನೆ ಎಳೆಯುತ್ತೆ. ಆ ಕ್ಷಣಕ್ಕೆ ಕೊಡಬೇಕಾದ್ದು ಕೆಪಾಸಿಟರ್, ಪೈಪಲ್ಲಿ ಪಾಚಿ.

ಒಂದು ಜೆರಾಕ್ಸ್ ಅಂಗಡಿ

ನಮ್ಮ ತಂಡದ ಒಬ್ಬಳ ಅಪ್ಪನದು ಬಳ್ಳಾರಿ ಕಡೆಯ ತಾಲೂಕು ಊರಲ್ಲಿ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನೋದು ಹೆಸರಿಗೆ. ನಿಜವಾದ ವ್ಯಾಪಾರ ಪಹಣಿ ತೆಗೆದುಕೊಡೋದು, ರಿಸಲ್ಟ್ ಪ್ರಿಂಟ್, ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಅರ್ಜಿ. ಪೇಮೆಂಟ್ ಒತ್ತಿ, ಓಟಿಪಿ ಹಾಕಿ, ಚಕ್ರ ತಿರುಗ್ತಾ ಇರೋವಾಗ ರೂಟರ್ ರೀಸ್ಟಾರ್ಟ್ ಆದ್ರೆ ಏನಾಗುತ್ತೆ ಗೊತ್ತಲ್ಲ. ಅಕೌಂಟಿಂದ ದುಡ್ಡು ಹೋಗಿರುತ್ತೆ, ರಸೀದಿ ಬಂದಿರಲ್ಲ. ಕೌಂಟರ್ ಮುಂದೆ ನಿಂತಿರೋ ಹುಡುಗ "ಅಣ್ಣಾ, ನನ್ನ ದುಡ್ಡು?" ಅಂತಾನೆ. ನಾಳೆ ಅರ್ಜಿಗೆ ಕೊನೇ ದಿನ. ಬ್ಯಾಂಕಿನಿಂದ ವಾಪಸ್ ಬರುತ್ತೆ ಅಂತ ಹೇಳಿದ್ರೆ ಅವನಿಗೆ ನಂಬಿಕೆ ಬರಬೇಕಲ್ಲ. ಅಂಕಲ್ ಎರಡು ಮೂರು ಸಲ ತಮ್ಮ ಜೇಬಿಂದಲೇ ಮತ್ತೆ ಕಟ್ಟಿದ್ರಂತೆ.

ರಿಪೇರಿ ಅಂಗಡಿಯಲ್ಲಿ ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದಿದ್ರು. ಅಂಕಲ್ ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು: "ಮೂರೂವರೆ ವರ್ಷಕ್ಕೆ ಇದು ಹೋಯ್ತು ಅಂದ್ರೆ ಹೊಸದೂ ಹೋಗಲ್ವೇನಮ್ಮಾ?" ರೂಟರ್ ಇಟ್ಟಿದ್ದದ್ದು ಎಲ್ಲಿ ಅಂತ ಆಮೇಲೆ ಗೊತ್ತಾಯ್ತು. ಜೆರಾಕ್ಸ್ ಮಷೀನ್ ಮೇಲೆ, ಬಿಸಿಗಾಳಿ ಬರೋ ಕಡೆ, ತಗಡಿನ ಛಾವಣಿ ಕೆಳಗೆ.

ರೂಟರ್ ಬ್ಯಾಗಲ್ಲಿ ಕ್ಯಾಂಪಸ್‌ಗೆ ಬಂತು. ನಾವು ಮೊದಲು ಮಾಡಿದ್ದು ಬಿಚ್ಚೋದಲ್ಲ, ಅಡಾಪ್ಟರ್ ಬದಲಾಯಿಸಿ ನೋಡೋದು. ನೀವೂ ಇಲ್ಲಿಂದಲೇ ಶುರು ಮಾಡಿ. ಅದೇ ವೋಲ್ಟೇಜ್, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ, ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಅಂತ ಲೇಬಲ್ ಮೇಲಿನ ಗುರುತು ನೋಡಿ ಹೊಂದಿಸಿ. ಅಡಾಪ್ಟರ್ ಒಳಗೂ ಇಂಥವೇ ಕೆಪಾಸಿಟರ್ ಇರೋದ್ರಿಂದ ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತೆ, ಮತ್ತೆ ಲೋಡ್ ಇಲ್ಲದೆ ಮೀಟರ್ ಹಿಡಿದ್ರೆ ಕೆಟ್ಟ ಅಡಾಪ್ಟರೂ 12 ಅಂತಲೇ ತೋರಿಸುತ್ತೆ.

ಅಡಾಪ್ಟರ್ ಮಾತ್ರ ಬಿಚ್ಚಬೇಡಿ. ಇದರಲ್ಲಿ ತಮಾಷೆ ಇಲ್ಲ. 230 ವೋಲ್ಟ್ ಎಸಿಯನ್ನ ರೆಕ್ಟಿಫೈ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಹೊಸ ಅಡಾಪ್ಟರ್‌ಗೆ ಇನ್ನೂರು ಚಿಲ್ಲರೆ ರೂಪಾಯಿ, ಅಷ್ಟಕ್ಕೆ ಜೀವ ಒತ್ತೆ ಇಡೋ ಅಗತ್ಯ ಇಲ್ಲ. ರೂಟರ್ ಬೋರ್ಡ್ ಮೇಲೆ ಇರೋದು 9 ಅಥವಾ 12 ವೋಲ್ಟ್, ಅದು ಕಲಿಯೋಕೆ ಸೂಕ್ತ.

ಅಡಾಪ್ಟರ್ ಬದಲಾದ್ರೂ ಕುಂಟಾಟ ನಿಲ್ಲಲಿಲ್ಲ. ಇನ್ನೊಂದು ಸುಳಿವು ಸಿಕ್ಕಿತು. ಬೆಳಗ್ಗೆ ತಣ್ಣಗಿರುವಾಗ ಆನ್ ಮಾಡಿದ್ರೆ ಆರೇಳು ಸಲ ರೀಸ್ಟಾರ್ಟ್, ಬಿಸಿಯಾದ ಮೇಲೆ ಸ್ವಲ್ಪ ವಾಸಿ. ಇದು ಒಣಗಿದ ಎಲೆಕ್ಟ್ರೋಲಿಟಿಕ್‌ನ ಸಹಿ ಇದ್ದ ಹಾಗೆ. ಬಿಸಿಗೆ ಉಳಿದ ದ್ರವದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತೆ, ಇಎಸ್‌ಆರ್ ಇಳಿಯುತ್ತೆ. ಕರೆಂಟ್ ಹೋಗಿ ಬಂದಾಗಲೇ ರೂಟರ್ ಹಟ ಮಾಡೋದು ಇದಕ್ಕೇ, ಅಷ್ಟು ಹೊತ್ತಲ್ಲಿ ಅದು ತಣ್ಣಗಾಗಿರುತ್ತೆ. ತದ್ವಿರುದ್ಧವಾಗಿ, ತಣ್ಣಗಿದ್ದಾಗ ಚೆನ್ನಾಗಿ ನಡೆದು ಬಿಸಿಯಾದ ಮೇಲೆ ಬಿದ್ರೆ ಕೆಪಾಸಿಟರ್ ಮೇಲೆ ಅನುಮಾನ ಕಡಿಮೆ ಮಾಡಿ, ಚಿಪ್ಪನ್ನೋ ಬಿಟ್ಟ ಸೋಲ್ಡರನ್ನೋ ನೋಡಿ.

ಕವರ್ ಬಿಚ್ಚಿದಾಗ ತಲೆ ಚಪ್ಪಟೆ. ಲ್ಯಾಬ್‌ನ ಆಸಿಲ್ಲೋಸ್ಕೋಪ್ ಎಸಿ ಕಪ್ಲಿಂಗ್‌ನಲ್ಲಿ ಇಟ್ಟು 3.3 ವೋಲ್ಟ್ ಲೈನ್ ನೋಡಿದ್ರೆ ಗರಗಸದ ಹಲ್ಲಿನ ಹಾಗೆ ರಿಪಲ್, ಅರ್ಧ ವೋಲ್ಟಿಗಿಂತ ಮೇಲೆ. ಕೆಪಾಸಿಟರ್ ತೆಗೆದು ಮಲ್ಟಿಮೀಟರ್‌ಗೆ ಹಾಕಿದ್ರೆ 438 ಮೈಕ್ರೋಫ್ಯಾರಡ್, ಬರೆದಿರೋದು 470, ಫಸ್ಟ್ ಕ್ಲಾಸ್ ಪಾಸ್. ಇಎಸ್‌ಆರ್ ತೋರಿಸೋ ಕಾಂಪೊನೆಂಟ್ ಟೆಸ್ಟರ್‌ಗೆ ಹಾಕಿದ್ರೆ 2 ಓಮ್ ಚಿಲ್ಲರೆ. ಟೆಸ್ಟರ್‌ಗೆ ಹಾಕೋ ಮುಂಚೆ ಕೆಪಾಸಿಟರನ್ನ ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಇಲ್ಲಾಂದ್ರೆ ಟೆಸ್ಟರ್ ಸುಟ್ಟೀತು.

ಸ್ಕೋಪೂ ಇಲ್ಲ ಟೆಸ್ಟರೂ ಇಲ್ಲ ಅನ್ನೋರಿಗೂ ದಾರಿ ಇದೆ. ಪವರ್ ತೆಗೆದು, ಅನುಮಾನ ಇರೋ ಕೆಪಾಸಿಟರ್‌ನ ಕೆಳಗಡೆ, ಅದರ ಕಾಲುಗಳಿಗೇ, ಒಂದು ಒಳ್ಳೇ ಕೆಪಾಸಿಟರ್ ಸಮಾನಾಂತರವಾಗಿ ಬೆಸೆಯಿರಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಆನ್ ಮಾಡಿದಾಗ ರೂಟರ್ ನೆಟ್ಟಗೆ ನಿಂತ್ರೆ ಕಳ್ಳ ಸಿಕ್ಕಿದ ಹಾಗೆ.

ಬದಲಾಯಿಸೋದು

ಕೊಳ್ಳೋವಾಗ ನೋಡಬೇಕಾದ್ದು ಕೆಪಾಸಿಟೆನ್ಸ್ ಒಂದೇ ಅಲ್ಲ ಅಂತ ಇಷ್ಟೊತ್ತಿಗೆ ನಿಮಗೇ ಅನಿಸಿರುತ್ತೆ. ಅದು ಹಳೇದರಷ್ಟೇ ಇರಲಿ. ವೋಲ್ಟೇಜ್ ರೇಟಿಂಗ್ ಅಷ್ಟೇ ಅಥವಾ ಜಾಸ್ತಿ. 12 ವೋಲ್ಟ್ ಬರೋ ಕಡೆ 16ರ ಬದಲು 25 ವೋಲ್ಟಿನದು ಹಾಕಿದ್ರೆ ನಿಶ್ಚಿಂತೆ. ಉಷ್ಣತೆ 105 ಡಿಗ್ರಿ, 85 ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯ, ಲೋ ಇಎಸ್‌ಆರ್ ಸೀರೀಸ್ ಕೇಳಿ. ಪ್ಯಾನಸೋನಿಕ್ ಎಫ್ಆರ್, ರೂಬಿಕಾನ್ ಜೆಡ್ಎಲ್ಎಚ್ ಥರದವು ಇದಕ್ಕೇ ಮಾಡಿದ್ದು. ಸಾಧಾರಣ ಕೆಪಾಸಿಟರ್ ಹಾಕಿದ್ರೂ ರೂಟರ್ ಆನ್ ಆಗುತ್ತೆ, ಆದ್ರೆ ಹೊಸದರಲ್ಲೇ ಅದರ ಇಎಸ್‌ಆರ್ ಹೆಚ್ಚು, ಮತ್ತೆ ಆರು ತಿಂಗಳಿಗೆ ಇದೇ ಕಥೆ. ಕೊನೆಗೆ ಎತ್ತರ, ದಪ್ಪ ಅಳೆದುಕೊಂಡು ಹೋಗಿ. ಎಲ್ಲಾ ಸರಿಯಾಗಿ ಕವರ್ ಮುಚ್ಚದಿದ್ರೆ ಆಗೋ ಸಂಕಟ ಹೇಳೋಕಾಗಲ್ಲ.

ಬಿಚ್ಚೋಕೆ ಸ್ಕ್ರೂ ಕಾಣ್ತಿಲ್ಲ ಅಂದ್ರೆ ರಬ್ಬರ್ ಪಾದಗಳ ಕೆಳಗೆ, ಲೇಬಲ್ ಕೆಳಗೆ ಹುಡುಕಿ. ಉಳಿದದ್ದು ಪ್ಲಾಸ್ಟಿಕ್ ಕೊಕ್ಕೆ, ಹಳೇ ಎಟಿಎಂ ಕಾರ್ಡ್ ತೂರಿಸಿದ್ರೆ ಬಿಡುತ್ತೆ. ಆಂಟೆನಾ ವೈರ್ ಎಳೀಬೇಡಿ. ಏನನ್ನೂ ಮುಟ್ಟೋ ಮುಂಚೆ ಫೋಟೋ ತೆಗೀರಿ. ಕೆಪಾಸಿಟರ್ ಮೈಮೇಲಿನ ಪಟ್ಟಿ ಮೈನಸ್ ಕಡೆ. ಬೋರ್ಡ್ ಮೇಲಿನ ವೃತ್ತದಲ್ಲಿ ಬಣ್ಣ ತುಂಬಿದ ಅರ್ಧ ಸಾಮಾನ್ಯವಾಗಿ ಮೈನಸ್, ಆದ್ರೆ ಎಲ್ಲಾ ಕಂಪನಿಯವರೂ ಹಾಗೇ ಮಾಡಲ್ಲ, ಅದಕ್ಕೇ ಫೋಟೋ. ಉಲ್ಟಾ ಹಾಕಿದ್ರೆ ಆಕ್ಸೈಡ್ ಪೊರೆ ಕರಗಿ, ಬಿಸಿಯಾಗಿ, ಪಟ್ ಅಂತ ಒಡೆಯುತ್ತೆ. ಮೊದಲ ಸಲ ಆನ್ ಮಾಡೋವಾಗ ಮುಖ ದೂರ ಇಡಿ.

ತೆಗೆಯೋದು ಹಾಕೋದಕ್ಕಿಂತ ಕಷ್ಟ. ಮೈನಸ್ ಕಾಲು ಬೋರ್ಡಿನ ಗ್ರೌಂಡ್ ತಾಮ್ರಕ್ಕೆ ಸೇರಿರುತ್ತೆ, ಐರನ್ ಇಟ್ಟ ಬಿಸಿಯನ್ನೆಲ್ಲ ಆ ತಾಮ್ರ ಎಳ್ಕೊಂಡು ಬಿಡುತ್ತೆ. ಸೋಲ್ಡರ್ ಕರಗಲಿಲ್ಲ ಅಂತ ಕೆಪಾಸಿಟರ್ ಹಿಡಿದು ಎಳೆದ್ರೆ ರಂಧ್ರದ ಒಳಗಿನ ತಾಮ್ರದ ಕೊಳವೆಯೇ ಕಿತ್ತು ಬರುತ್ತೆ, ಆಮೇಲೆ ಬೋರ್ಡ್ ನಿಜವಾಗಲೂ ಹೋದ ಹಾಗೆ. ವಿಚಿತ್ರ ಅನಿಸಿದ್ರೂ ಉಪಾಯ ಏನಂದ್ರೆ, ತೆಗೆಯೋ ಮುಂಚೆ ಇನ್ನಷ್ಟು ಸೋಲ್ಡರ್ ಹಾಕೋದು. ಹೊಸ ತವರ-ಸೀಸದ ಸೋಲ್ಡರ್ ಹಳೇದರ ಜೊತೆ ಬೆರೆತು ಬೇಗ ಕರಗುತ್ತೆ. 350 ಡಿಗ್ರಿ ಆಸುಪಾಸು ಇಟ್ಟು, ಒಂದು ಕಾಲು ಬಿಸಿ ಮಾಡಿ ಸ್ವಲ್ಪ ವಾಲಿಸಿ, ಇನ್ನೊಂದು ಬಿಸಿ ಮಾಡಿ ಈ ಕಡೆ ವಾಲಿಸಿ, ಹಾಲುಹಲ್ಲು ಅಲ್ಲಾಡಿಸಿ ತೆಗೆಯೋ ಹಾಗೆ. ರಂಧ್ರದಲ್ಲಿ ಸೋಲ್ಡರ್ ಉಳಿದ್ರೆ ಬಿಸಿ ಮಾಡ್ತಾ ಇನ್ನೊಂದು ಕಡೆಯಿಂದ ತೆಂಗಿನ ಪೊರಕೆಯ ಕಡ್ಡಿ ತೂರಿಸಿ. ಕಟ್ಟಿಗೆಗೆ ಸೋಲ್ಡರ್ ಅಂಟಲ್ಲ. ಇದಕ್ಕಿಂತ ಅಗ್ಗದ ಟೂಲ್ ಲ್ಯಾಬ್‌ನಲ್ಲಿ ಇನ್ನೊಂದಿಲ್ಲ. ಹಳೇ ಕೆಪಾಸಿಟರ್ ಸೋರಿದ್ರೆ ಜಾಗವನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜೋ ಬ್ರಶ್‌ನಲ್ಲಿ ಉಜ್ಜಿ. ಕಿಟಕಿ ತೆಗೆದಿರಲಿ, ಸೀಸ ಮುಟ್ಟಿದ ಕೈ ತೊಳೆಯದೆ ಮೆಸ್‌ಗೆ ಹೋಗಬೇಡಿ.

ಜೆರಾಕ್ಸ್ ಅಂಗಡಿ ರೂಟರ್‌ನಲ್ಲಿ ಎರಡು ಬದಲಾದವು, 3.3 ವೋಲ್ಟ್ ಕಡೆಯದು ಮತ್ತು ಅಡಾಪ್ಟರ್ ಬರೋ ಕಡೆಯದು. ಸ್ಕೋಪ್‌ನಲ್ಲಿ ಗರಗಸ ಹೋಗಿ ತೆಳ್ಳನೆ ಗೆರೆ ಬಂತು. ಅಷ್ಟಕ್ಕೇ ಮುಚ್ಚಲಿಲ್ಲ. ಒಂದು ರಾತ್ರಿ ಪೂರ್ತಿ ಪಿಂಗ್ ಓಡಿಸಿ, ಜೊತೆಗೆ ಎರಡು ಲ್ಯಾಪ್‌ಟಾಪ್ ಮಧ್ಯ ದೊಡ್ಡ ಫೈಲ್ ಕಳಿಸ್ತಾ ಬಿಟ್ಟೆವು. ಬೆಳಗ್ಗೆ ಆಫ್ ಮಾಡಿ, ಒಂದು ಗಂಟೆ ತಣ್ಣಗಾಗೋಕೆ ಬಿಟ್ಟು, ಮತ್ತೆ ಆನ್. ಒಂದೇ ಸಲಕ್ಕೆ ಎದ್ದಿತು. ತಣ್ಣಗಿನ ಪರೀಕ್ಷೆ ಪಾಸಾಗದೆ ರಿಪೇರಿ ಆಯ್ತು ಅಂತ ಯಾರಿಗೂ ಹೇಳಬೇಡಿ. ರೂಟರ್ ವಾಪಸ್ ಹೋದಾಗ ಅಂಕಲ್ ಅದನ್ನ ಮಷೀನ್ ಮೇಲಿಂದ ತೆಗೆದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ರು. ಅವರ ಪ್ರಶ್ನೆಗೆ ಉತ್ತರ ಆ ಮೊಳೆ. 10 ಡಿಗ್ರಿ ಕಡಿಮೆಯಾದ್ರೂ ಆಯಸ್ಸು ದುಪ್ಪಟ್ಟು.

ಎಲ್ಲಾ ರೂಟರ್‌ಗೂ ಇಷ್ಟು ಕಷ್ಟಪಡಬೇಕಾ ಅಂದ್ರೆ, ಬೇಡ. ಸಿಡಿಲು ಬಡಿದು ಲ್ಯಾನ್ ಪೋರ್ಟ್ ಸುಟ್ಟಿದ್ರೆ ಕೆಪಾಸಿಟರ್ ಬದಲಾಯಿಸಿ ಏನೂ ಆಗಲ್ಲ. ಇತ್ತೀಚಿನ ಕೆಲವು ಬೋರ್ಡ್‌ಗಳಲ್ಲಿ ಎಲೆಕ್ಟ್ರೋಲಿಟಿಕ್ ಬದಲು ಸೆರಾಮಿಕ್ ಅಥವಾ ಪಾಲಿಮರ್ ಇರುತ್ತೆ, ಅವು ಹೀಗೆ ಒಣಗಲ್ಲ. ಇನ್ನು ಫರ್ಮ್‌ವೇರ್. ಕಂಪನಿ ಅಪ್‌ಡೇಟ್ ಕೊಡೋದು ನಿಲ್ಲಿಸಿ ವರ್ಷಗಳಾಗಿದ್ರೆ ಆ ರೂಟರನ್ನ ನೇರ ಇಂಟರ್‌ನೆಟ್‌ಗೆ ಒಡ್ಡಬಾರದು ಅನ್ನೋದು ನಮ್ಮ ಅಭಿಪ್ರಾಯ. ಓಪನ್‌ಡಬ್ಲ್ಯುಆರ್‌ಟಿ ಹಾಕೋಣ ಅಂದ್ರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಇರೋ ಹಳೇ ಅಗ್ಗದ ರೂಟರ್‌ಗಳಿಗೆ ಅದರ ಹೊಸ ಆವೃತ್ತಿಗಳು ಹಿಡಿಸಲ್ಲ. ಅಂಥದ್ದನ್ನ ಹೊಸ ರೂಟರ್‌ನ ಹಿಂದೆ, ಸಿಗ್ನಲ್ ತಲುಪದ ಹಿತ್ತಲ ಕೋಣೆಗೆ ಇಡಬಹುದು. ಅದೂ ಬೇಡವಾದ್ರೆ ಇ-ತ್ಯಾಜ್ಯ ಪೆಟ್ಟಿಗೆಗೆ ಹಾಕೋ ಮುಂಚೆ ಸೋಲ್ಡರಿಂಗ್ ಕಲಿಯೋಕೆ ನಮ್ಮ ಜೂನಿಯರ್‌ಗಳಿಗೆ ಕೊಡಿ, ಕಿತ್ತು ಹಾಕಿ ಕೈ ಪಳಗಲಿ.

ರಿಪೇರಿ ಆದ ರೂಟರ್‌ನ ಕವರ್ ಮುಚ್ಚೋ ಮುಂಚೆ ಒಳಗಡೆ ಪ್ಲಾಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಬದಲಾಯಿಸಿದ ಕೆಪಾಸಿಟರ್‌ನ ಬೆಲೆ, ಸೀರೀಸ್ ಬರೆದಿಡಿ. ನಾಲ್ಕು ವರ್ಷ ಬಿಟ್ಟು ಅದನ್ನ ಬಿಚ್ಚೋರು ನೀವೇ ಆಗಿರಲ್ಲ, ಆಗ ಇಲ್ಲಿ ಓದ್ತಿರೋ ಯಾವನೋ ಜೂನಿಯರ್ ಆಗಿರ್ತಾನೆ.